ನಡುವಿಗೆ ಕಟ್ಟಿದ ಬೀಜ

ಬೀಜದ ಮರ್ಮ ಬಲ್ಲವರು ಬಹಳ ಮಂದಿ ಇದ್ದಾರೆ. ಅವರೆದುರು ಇದನ್ನು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ತೊರವಿಯ ಅಂಚಿನಲ್ಲಿ ಮಿನಾಜಳದು ಸಣ್ಣ ನರ್ಸರಿ. ಗಂಡ ಸಾದಿಕ ತಿಕೋಟಾದ ದ್ರಾಕ್ಷಿ ತೋಟಗಳಿಗೆ ಕೆಲಸಕ್ಕೆ ಹೋದರೆ ಅವಳು ಅತ್ತೆ ಬಾನುಬಿಯ ಜೊತೆ ಟ್ರೇಗಳಲ್ಲಿ ಸಸಿ ಎಬ್ಬಿಸುತ್ತಿದ್ದಳು. ಆ ವರ್ಷ ಕಾಖಂಡಕಿಯ ಬಸಲಿಂಗಯ್ಯ ಎರಡು ಎಕರೆಗೆ ಕಲ್ಲಂಗಡಿ ಸಸಿ ಹೇಳಿದ್ದರು. ಬೀಜವನ್ನೂ ಅವರೇ ಜೋರಾಪುರ ಪೇಟೆಯ ಅಂಗಡಿಯಿಂದ ತಂದುಕೊಟ್ಟಿದ್ದರು. ಹಣ್ಣು ರಮಜಾನದ ಉಪವಾಸದ ತಿಂಗಳಲ್ಲಿ ಮಾರಾಟಕ್ಕೆ ಬರಬೇಕು. ಆಮೇಲೆ ಅಷ್ಟಾಗಿ ಕೇಳುವವರಿಲ್ಲ.

ಮಿನಾಜ ರಮಜಾನದಿಂದ ಹಿಂದಕ್ಕೆ ದಿನ ಎಣಿಸಿ ಬೀಜ ಹಾಕುವವಳು. ಆದರೆ ರಮಜಾನ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮೊದಲು ಜನವರಿಯ ಕೊನೆಗೆ ಹಾಕುತ್ತಿದ್ದ ಬೀಜ ಸರಿದು ಸರಿದು ಡಿಸೆಂಬರದ ಕೊನೆಗೆ, ಥಂಡಿಯ ನಟ್ಟನಡುವೆ ಬಂದು ನಿಂತಿತ್ತು. ದಿನ ಎಣಿಸಿದವಳು ಥಂಡಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಟ್ರೇಗಳನ್ನು ಎಂದಿನಂತೆ ತಗಡಿನ ಕೋಣೆಯಲ್ಲಿ ಪೇರಿಸಿ ಪ್ಲಾಸ್ಟಿಕ್ ಹೊದಿಸಿದಳು. ನಾಲ್ಕನೆಯ ದಿನ ಮೊಳಕೆ ಕಾಣಬೇಕಿತ್ತು. ಎಂಟನೆಯ ದಿನಕ್ಕೂ ನೂರಕ್ಕೆ ಆರೇಳು ಎದ್ದಿದ್ದವು.

ಗುರುವಾರ ಬಸಲಿಂಗಯ್ಯ ಬಂದು ನೋಡಿದರು.

"ಬೀಜನ ಖೊಟ್ಟಿ ಅದಾವ, ತಂಗಿ. ನಿಂದೇನ ತಪ್ಪಿಲ್ಲ. ಸೋಮವಾರ ಅಂಗಡಿಗೆ ಹೋಗೂಣು, ನೀ ಬಂದ ಸಾಕ್ಷಿ ಹೇಳ."

"ಆತ್ರಿ ಅಯ್ಯಾರ," ಎಂದಳು ಮಿನಾಜ. ಹೊರೆ ಇಳಿದಂತಾಯಿತು. ಆದರೆ ಅವರ ಗಾಡಿ ಮರೆಯಾಗುವುದರೊಳಗೆ, ಬೀಜ ಖೊಟ್ಟಿ, ಕೆಟ್ಟದ್ದು ಎಂದು ತಾನು ಕಣ್ಣಾರೆ ನೋಡಿದ್ದು ಯಾವಾಗ ಎಂಬ ಹುಳ ತಲೆ ಹೊಕ್ಕಿತು.

ಬಾನುಬಿ ಅಂಗಳದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. "ನಾವು ಬೀಜ ಅರಿವ್ಯಾಗ ಕಟ್ಟಿ ತಿಪ್ಯಾಗ ಹುಗಿತಿದ್ವಿ. ಇಲ್ಲಾ, ನಡುವಿಗೆ ಕಟ್ಕೊಂಡ ಅಡ್ಡಾಡತಿದ್ವಿ. ನಿನ್ನಂಗ ಬೀಜಕ್ಕ ತಗಡಿನ ಅರಮನಿ ಕಟ್ಟಿದ್ದಿಲ್ಲ."

ಬಸಲಿಂಗಯ್ಯ ತಂದಿದ್ದ ಪೊಟ್ಟಣದಲ್ಲಿ ಒಂದಿಷ್ಟು ಬೀಜ ಉಳಿದಿತ್ತು. ಮಿನಾಜ ಅಂದೇ ಪರೀಕ್ಷೆಗೆಂದು ಇಪ್ಪತ್ತಿಪ್ಪತ್ತು ಎಣಿಸಿ, ಒದ್ದೆ ಅರಿವೆಯಲ್ಲಿ ಮೂರು ಗಂಟು ಕಟ್ಟಿದಳು. ಒಂದನ್ನು ತಗಡಿನ ಕೋಣೆಯಲ್ಲಿಟ್ಟಳು, ಇನ್ನೊಂದನ್ನು ತಿಪ್ಪೆಯಲ್ಲಿ ಹುಗಿದಳು, ಮೂರನೆಯದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ನಡುವಿಗೇ ಕಟ್ಟಿಕೊಂಡಳು. ಆ ಗಂಟಿನೊಂದಿಗೇ ನೀರು ಹೊತ್ತಳು, ರೊಟ್ಟಿ ಬಡಿದಳು.

"ಏನ ಬೇ, ಹೊಟ್ಟಿ ಮುಂದ ಬಂದದಲ್ಲ? ಬಸರ?" ಎಂದು ಬಾನುಬಿ ಕೆಣಕಿದಳು.

"ಹೌದ ಅತ್ತಿ. ಒಮ್ಮೆಲೆ ಇಪ್ಪತ್ತು."

ಸೋಮವಾರ ಬೆಳಿಗ್ಗೆ ಮೂರೂ ಗಂಟು ಬಿಚ್ಚಿದಳು. ತಿಪ್ಪೆಯವು ಬೆಂದ ಕಾಳಿನಂತೆ ಮೆತ್ತಗಾಗಿ ನಾರುತ್ತಿದ್ದವು. ಕೋಣೆಯದರಲ್ಲಿ ಒಂದೇ ಒಂದು ಬಾಯಿ ಬಿಟ್ಟಿತ್ತು. ನಡುವಿನ ಗಂಟಿನಲ್ಲಿ ಹದಿನೇಳಕ್ಕೆ ಬೆಳ್ಳನೆಯ ಬೇರು. ಕಡಿಮೆ ಇದ್ದೀತೇ ಎಂಬ ಆಸೆಯಿಂದ ಇನ್ನೊಮ್ಮೆ ಎಣಿಸಿದಳು. ಹದಿನೇಳೇ.

"ಒಲಿಗೆ ಹಾಕ," ಎಂದಳು ಬಾನುಬಿ, ಮೆಲ್ಲಗೆ. "ಯಾರ ನೋಡ್ಯಾರ?"

ಮಿನಾಜ ಆ ಗಂಟನ್ನು ಹಿಡಿದುಕೊಂಡೇ ಕುಳಿತಳು. ಬಸಲಿಂಗಯ್ಯನವರ ಗಾಡಿ ಬಂದಾಗ ಎದ್ದು ಹೋಗಿ ಅರಿವೆ ಬಿಚ್ಚಿ ತೋರಿಸಿದಳು.

"ಅಂದರ ಬೀಜ ಛಲೋ ಅದಾವ?"

"ಅದಾವ್ರಿ. ನನ್ನ ಕೋಣಿ ಥಂಡಿ ಇತ್ತು. ನಾ ನೋಡಲಿಲ್ಲ."

ಅವರು ಒಂದು ಬೀಜ ಎತ್ತಿ ಬೇರನ್ನು ಬಿಸಿಲಿಗೆ ಹಿಡಿದು ನೋಡಿದರು. "ನೀ ಸುಮ್ನ ಇದ್ರ ಅಂಗಡಿಯಂವ ಬ್ಯಾರೆ ಬೀಜ ಕೊಡತಿದ್ದ."

"ಸಾಕ್ಷಿ ನಾನ ಹೇಳಬೇಕಿತ್ತಲ್ರಿ."

"ಹೊಸ ಬೀಜ ನಾನ ತಗೋತೀನಿ. ಸಸಿ ಬಬಲೇಶ್ವರದಾಗ ಮಾಡಸ್ತೀನಿ. ಬ್ಯಾಸರ ಮಾಡ್ಕೋಬ್ಯಾಡ ತಂಗಿ, ದಿವಸ ಉಳಿದಿಲ್ಲ."

"ಮಾಡಸ್ರಿ. ಬೆಚ್ಚಗ ಇಡಾಕ ಹೇಳ್ರಿ."

ಅವರು ಹೋದ ಮೇಲೆ ಟ್ರೇಗಳನ್ನು ಒಂದೊಂದಾಗಿ ಬಿಸಿಲಿಗೆ ಎಳೆದಳು. ವಾರದಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಎದ್ದಿತು, ಅಷ್ಟೇ. ಉಳಿದವು ಥಂಡಿಗೆ ಸತ್ತಿದ್ದವೋ, ಗಾಬರಿಯಲ್ಲಿ ಅವಳು ಹಾಕಿದ ನೀರಿಗೆ ಕೊಳೆತಿದ್ದವೋ, ಇನ್ನೂ ನಾಲ್ಕು ದಿನ ಬೆಚ್ಚಗಿಟ್ಟಿದ್ದರೆ ಏಳುತ್ತಿದ್ದವೋ, ಅವಳಿಗೆ ತಿಳಿಯಲಿಲ್ಲ. ಇದನ್ನು ಬರೆದವರಿಗೂ ತಿಳಿದಿಲ್ಲ.