ಅಮೇರಾತಿನ ಕಕ್ಕಸುಗಳು

ನೆರಳು ನೇರ ಮುಂದೆ ಬಿದ್ದಿದೆ, ಬೆಳಗಿನ ಬಿಸಿಲು ಬೆನ್ನಿಗೆ ಬಡಿಯುತ್ತಿದೆ, ಕಾರಿಡಾರಿನ ಕಿಟಕಿಯಿಂದ ಬಂದು ಕಕ್ಕಸಿನ ಬಾಗಿಲು ದಾಟಿ ಅವಳ ನೆರಳನ್ನು ಆ ಹೊಸ ಬಿಳಿ ಕಮೋಡಿನ ಮೇಲೆ ಉದ್ದಕ್ಕೆ ಮಲಗಿಸಿದೆ, ತಲೆ ಹೋಗಿ ಆಚೆ ಗೋಡೆಯ ಟೈಲ್ಸಿಗೆ ತಾಗಿದೆ — ಹೀಗಾಗಬಾರದು, ನೂಲಾ ತಾನೇ ಬರೆದ ನಕ್ಷೆಯಲ್ಲಿ ಕಮೋಡು ಅಡ್ಡ ಇತ್ತು, ಬೆಳಗಿನ ನೆರಳು ಅದನ್ನು ಕತ್ತರಿಸಿ ಹೋಗಬೇಕಿತ್ತು, ಅಂದರೆ ತಿರುಗಿಸಿದ್ದಾರೆ, ಪಶ್ಚಿಮದ ನೇರಕ್ಕೆ ತಿರುಗಿಸಿದ್ದಾರೆ, ಇಲ್ಲಿ ನಿಂತವರಿಗೆ ಪಶ್ಚಿಮ ಎಂದರೆ ಮಕ್ಕಾ, ನಮಾಜಿಗೆ ಮುಖ ಮಾಡುವ ಕಿಬ್ಲಾ, ಆ ಕಡೆ ಮುಖ ಹಾಕಿಯೂ ಬೆನ್ನು ಹಾಕಿಯೂ ಈ ಜನ ಕಕ್ಕಸಿಗೆ ಕೂರುವುದಿಲ್ಲ, ಮಸ್ಕತ್ತಿನ ಅಂಚಿನ ಈ ಅಮೇರಾತಿನ ಬೀದಿಯಲ್ಲಿ ಆಡುವ ಮಗುವಿಗೂ ಗೊತ್ತಿರುವ ವಿಷಯ. ಪಕ್ಕದ್ದನ್ನು ನೋಡಿದಳು, ಅದೂ ಹಾಗೇ, ಅದರಾಚೆಯದೂ ಹಾಗೇ, ಇಡೀ ಸಾಲು ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತಿದೆ, ಎಲ್ಲ ಪೈಪು ಆ ಒಂದು ಗೋಡೆಯೊಳಗೆ ಇಳಿದರೆ ಕೆಲಸ ಬೇಗ ಮುಗಿಯಿತಲ್ಲ, ಕೂಲಿಯವರ ವಸತಿ ತಾನೆ, ವಿಲ್ಲಾ ಅಲ್ಲವಲ್ಲ, ಕೇಳುವವರು ಯಾರು. ಈ ಹೊತ್ತು ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರ್ ಬರುತ್ತಾನೆ, ಅವನು ಬರುವ ಮೊದಲು ಎಲ್ಲ ನಕ್ಷೆಯಂತೆ ಇದೆ ಎಂದು ಅವಳು ಸಹಿ ಹಾಕಬೇಕು, ಹಾಕದಿದ್ದರೆ ಕಟ್ಟಡ ತೆರೆಯುವುದಿಲ್ಲ, ಅವಳೂ ಈ ದೇಶದಲ್ಲಿ ಉಳಿಯುವುದಿಲ್ಲ. ಹೊರಗೆ ಹರ್ಷಿತ್, ಕಂಟ್ರಾಕ್ಟರನ ಹೊಸ ಇಂಜಿನಿಯರ್, ಪುತ್ತೂರಿನವನು, ಪ್ಲಂಬಿಂಗ್ ಫೋರ್‌ಮನ್ ಅನ್ಸಾರನಿಗೆ ಹೇಳುತ್ತಿದ್ದಾನೆ, ಅನ್ಸಾರ್ ಕಾಕ, ಈ ಮುದುಕಿ ಒಳಗೆ ಎಂತ ಮಾಡ್ತಾ ಉಂಟು, ಕೂತೇ ಬಿಟ್ಟಿತಾ ಹೇಗೆ. ಮೆಲ್ಲ ಮಾತಾಡಿ ಮಾರಾಯ್ರೆ, ಅವರಿಗೆ ಕನ್ನಡ ಬರ್ತದೆ. ಎಂತ ಕನ್ನಡ? ನಿಮ್ಮದೇ ಕನ್ನಡ, ನೀವು ಹುಟ್ಟುವ ಮೊದಲೇ ಕಲಿತಾಗಿದೆ. ನೂಲಾಳಿಗೆ ನಗು ಬಂತು, ಬಂದದ್ದು ಸಿಟ್ಟಿಗೆ ತಿರುಗಿತು.

ಕನ್ನಡ ಕಲಿಸಿದವಳು ಕುಸುಮ, ಮಸ್ಕತ್ತಿನ ಆಫೀಸಿನಲ್ಲಿ ನಕ್ಷೆ ಟ್ರೇಸ್ ಮಾಡುತ್ತಿದ್ದ ಸುರತ್ಕಲ್ಲಿನ ಹೆಂಗಸು, ಮೊದಲು ಬೈಗುಳ, ಆಮೇಲೆ ಮೀನಿನ ಹೆಸರು, ಕೊನೆಗೆ ಮಾತು — ನೂಲಾ, ನೀನು ಹೋಗಿ ಕೇಳ್ಬೇಕು, ಈ ಗಂಡಸರು ತಾವಾಗಿ ಹೇಳುದಿಲ್ಲ, ನೀನು ಬೀಳ್ಲಿ ಅಂತಲೇ ಕಾಯುದು. ಬಿದ್ದಿದ್ದಳಲ್ಲ, ಅಲ್ಲಿನ ಅಜೈಬಾ ಬಡಾವಣೆಯಲ್ಲಿ ಅವಳು ಕಟ್ಟಿಸಿದ ಮೊದಲ ಮನೆ, ಅಂಗಳ, ಗಾಳಿ ಓಡಾಡುವ ಜಾಲಂಧ್ರ, ತಂಪು ಮೂಲೆ, ಎಲ್ಲ ಬರೆದಿದ್ದಳು, ಕಕ್ಕಸು ಮಾತ್ರ ಕಿಬ್ಲಾದ ಕಡೆಗಿತ್ತು, ಆಫೀಸಿನಲ್ಲಿ ಅಷ್ಟು ಮಂದಿ ನೋಡಿದರು, ಒಬ್ಬನೂ ಬಾಯಿ ಬಿಡಲಿಲ್ಲ. ಮನೆಯ ಅಜ್ಜಿ ಸೌದಾ ಒಳಗೆ ಹೋದವಳು ಹೊರಗೆ ಬಂದು ಅಂಗಳದ ಮರದ ಕೆಳಗೆ ಚಾಪೆ ಹಾಕಿ ಕೂತಳು, ಮಗಳೇ, ಮನೆ ಚೆನ್ನಾಗಿದೆ, ನಾನು ಇಲ್ಲೇ ಇರುತ್ತೇನೆ. ಬೈಯಲಿಲ್ಲ, ಖರ್ಜೂರ ಕೊಟ್ಟಳು, ಕಾಫಿ ಕೊಟ್ಟಳು, ಒಳಗೆ ಮಾತ್ರ ಬರಲಿಲ್ಲ, ಎಲ್ಲ ಕಿತ್ತು ಮತ್ತೆ ಕೂರಿಸುವ ತನಕ ಹಟ ಹಿಡಿದು ಮರದಡಿಯೇ ಇದ್ದಳು, ಅಂಥ ಹಟ ನೂಲಾ ಕಂಡದ್ದು ಅದಕ್ಕೆ ಮೊದಲು ಅಪ್ಪನಲ್ಲಿ ಮಾತ್ರ, ಐರಿಷ್ ಕಡಲಬದಿಯ ಕ್ಲೇರ್ ಜಿಲ್ಲೆಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವವನು, ಒಂದು ಕಲ್ಲು ಕೂರಲಿಲ್ಲವೆಂದರೆ ಮಳೆಯಲ್ಲಿ ನಿಂತು ಇಡೀ ಸಾಲು ಬಿಚ್ಚುವವನು. ಅವನ ಮಗಳು ಡಬ್ಲಿನ್ನಿಗೆ ಹೋಗಿ ಆರ್ಕಿಟೆಕ್ಟ್ ಆಗುತ್ತೇನೆಂದಾಗ ಪ್ರೊಫೆಸರನೊಬ್ಬ ನಕ್ಕು ಹೇಳಿದ, ಕುಮಾರಿ, ನಿಮ್ಮ ಕೈ ನಾಜೂಕು, ಪರದೆಯ ಬಣ್ಣ ಆರಿಸುವ ಕೆಲಸ ನೋಡಿ — ನೋಡಿದಳು, ಅವನ ಮುಖವನ್ನು ನೋಡಿದಳು, ಮತ್ತೆ ಬರೆದಳು. ಬರೆದ ಗ್ರಂಥಾಲಯಕ್ಕೆ ಬಹುಮಾನ ಬಂತು, ಅಲ್ಲಿನ ಆಫೀಸಿನ ಯಜಮಾನ ವೇದಿಕೆ ಹತ್ತಿದ, ಅವಳನ್ನು ಹೆಂಡಂದಿರ ಸಾಲಿನಲ್ಲಿ ಕೂರಿಸಿದರು, ನೀವು ಯಾರ ಹೆಂಡತಿ ಎಂದು ಪಕ್ಕದವಳು ಕೇಳಿದಳು, ಆ ಗ್ರಂಥಾಲಯದ್ದು ಎಂದಳು, ಮರುದಿನವೇ ಕೆಲಸ ಬಿಟ್ಟಳು. ಮಸ್ಕತ್ತಿಗೆ ಬಂದರೆ ವಿಮಾನ ನಿಲ್ದಾಣದಲ್ಲಿ ಕೇಳಿದರು, ನರ್ಸಾ, ಟೀಚರಾ. ಎರಡೂ ಅಲ್ಲ. ಮತ್ತೇನು. ಮನೆ ಕಟ್ಟುತ್ತೇನೆ. ಗಂಡ ಎಲ್ಲಿ? ಕಟ್ಟಿಲ್ಲ ಇನ್ನೂ. ಶಾಲೆ ಕಟ್ಟಿದಳು, ಮೀನು ಮಾರುಕಟ್ಟೆ ಕಟ್ಟಿದಳು, ಊರೂರಿನ ಆಸ್ಪತ್ರೆ ಕಟ್ಟಿದಳು, ಕಟ್ಟುವ ಮೊದಲು ಪ್ರತಿ ಸಲವೂ ಅಲ್ಲಿ ಬದುಕುವವರ ಮುಂದೆ ಹೋಗಿ ಚಾಪೆಯಲ್ಲಿ ಕೂತಳು, ಎಲ್ಲಿ ಮಲಗುತ್ತೀರಿ, ಎಲ್ಲಿ ಕೈ ತೊಳೆಯುತ್ತೀರಿ, ಎಲ್ಲಿ ಅಳುತ್ತೀರಿ. ಈ ಕಟ್ಟಡಕ್ಕೂ ಕೂಲಿಯವರು ಈಗ ಇರುವ ವಾದಿ ಅದಾಯಿಯ ಶೆಡ್ಡುಗಳಿಗೆ ಹೋಗಿ ಕೂತಿದ್ದಳು, ಮಂಗಳೂರಿನವರು, ಸಿಲ್ಹಟಿನವರು, ಪೇಶಾವರದವರು ಚಹಾ ಕೊಟ್ಟು ಹೇಳಿದ್ದರು, ಮೇಡಂ, ನಮ್ಮನ್ನು ಇದು ತನಕ ಯಾರೂ ಕೇಳಿದ್ದಿಲ್ಲ.

ಬಾಗಿಲಲ್ಲಿ ಹರ್ಷಿತ್, ಅವಳೊಡನೆ ಆಡುತ್ತಿದ್ದ ಇಂಗ್ಲಿಷನ್ನು ಈಗ ಬಿಟ್ಟಿದ್ದಾನೆ, ಮೇಡಂ, ಸಾರಿ, ಆ ಮಾತು ನಾನು ತಮಾಷೆಗೆ. ಮುದುಕಿ ಅಂದದ್ದು ಸರಿಯೇ, ಕಮೋಡು ಯಾಕೆ ತಿರುಗಿಸಿದ್ದು ಹೇಳು. ಅದು ಮೇಲಿನಿಂದ ಬಂದ ಆರ್ಡರ್. ಮೇಲೆ ಅಂದ್ರೆ ಎಲ್ಲಿ, ಆಕಾಶದಿಂದ? ಅನ್ಸಾರ್ ಬೇರೆ ಕಡೆ ತಿರುಗಿ ಕೆಮ್ಮಿದ. ಹರ್ಷಿತ್ ಬಿಡಲಿಲ್ಲ, ಕಟ್ಟಡದ ಒಳಗೆ ಆದ್ರೆ ತೊಂದ್ರೆ ಇಲ್ಲ ಅಂತ ಕೆಲವು ಮೌಲವಿಗಳೇ ಹೇಳ್ತಾರಂತೆ, ಕೇಳಿ ಬೇಕಾದ್ರೆ ಅನ್ಸಾರ್ ಕಾಕನನ್ನು. ಹೌದು ಸರ್, ಹೇಳುವವರು ಇದ್ದಾರೆ, ಆದ್ರೆ ನಿಮಗೆ ವೀಸಾ ಕೊಟ್ಟ ಧಣಿ, ನಿಮ್ಮ ಕಫೀಲ್, ಅವರ ವಿಲ್ಲಾದಲ್ಲಿ ಹಾಗೆ ಕೂರಿಸಿದ್ದಾರಾ, ನಾನೇ ಪೈಪು ಹಾಕಿದ್ದು, ಅಲ್ಲಿ ದಿಕ್ಸೂಚಿ ಇಟ್ಟು ನೋಡಿದ್ರು. ಕಾಕ, ನೀವು ಸುಮ್ಮನಿರಿ. ಸುಮ್ಮನೇ ಇದ್ದೇನಲ್ಲ, ಇಷ್ಟು ದಿನ ಸುಮ್ಮನಿದ್ದದ್ದಕ್ಕೇ ಸಾಲು ಹೀಗೆ ಕೂತದ್ದು. ಹರ್ಷಿತ್ ನೂಲಾಳ ಕಡೆ ತಿರುಗಿದ, ಮೇಡಂ, ಕೂಲಿಯವರಲ್ವಾ, ಸ್ವಲ್ಪ ಓರೆಯಾಗಿ ಕೂರ್ತಾರೆ, ಅಭ್ಯಾಸ ಆಗ್ತದೆ. ಓರೆಯಾಗಿ — ಇಡೀ ದಿನ ಕಬ್ಬಿಣ ಹೊತ್ತು ಬಂದವನು, ಮಂಡಿ ನೋಯುವವನು, ಬೇರೆ ಯಾರ ಕಣ್ಣೂ ಇಲ್ಲದ ಆ ಒಂದು ಗೇಣು ಜಾಗದಲ್ಲೂ ಸೊಂಟ ತಿರುಚಿ ಕೂರಬೇಕು, ವರ್ಷಗಟ್ಟಲೆ, ಮತ್ತು ಅದರ ಕೆಳಗೆ ಸರಿ ಇದೆ ಎಂದು ನೂಲಾಳ ಸಹಿ. ಹರ್ಷಿತ್ ಫೋನು ಚಾಚಿದ, ಆ ಕಡೆ ಅವಳ ಆಫೀಸಿನ ಯಜಮಾನ, ಸಕ್ಕರೆಯಂಥ ದನಿ, ನೂಲಾ, ಈ ವಯಸ್ಸಿನಲ್ಲಿ ನಿನ್ನ ವೀಸಾ ಇಟ್ಟುಕೊಂಡದ್ದು ಗೌರವಕ್ಕೆ, ಸಹಿ ಹಾಕು, ಇಲ್ಲವಾದರೆ ಖಲಾಸ್, ಈ ತಿಂಗಳೇ ಟಿಕೆಟ್. ಎಲ್ಲಿಗೆ ಟಿಕೆಟ್, ಅಣ್ಣನ ಮಗನ ಮನೆಯ ಅತಿಥಿ ಕೋಣೆಗೆ, ಅಲ್ಲಿ ಅವಳನ್ನು ಬಲ್ಲವರು ಸ್ಮಶಾನದಲ್ಲಿದ್ದಾರೆ, ಅವಳ ಅಡುಗೆಮನೆ ಇಲ್ಲಿ, ಜಗಳ ಇಲ್ಲಿ, ಮೀನಿನವನು ಇಲ್ಲಿ, ಯೌವನವೆಲ್ಲ ಈ ಬಿಸಿಲಿನಲ್ಲೇ ಒಣಗಿದ್ದು, ಹೆದರಿದಳು, ಹೆದರಲಿಲ್ಲ ಎಂದರೆ ಸುಳ್ಳು. ಆಮೇಲೆ ಬಾಯಿ ತಾನಾಗಿ ಹೇಳಿತು, ಟಿಕೆಟ್ ತೆಗೆಸು.

ಸಹಿ ಹಾಕದಿದ್ದರೆ ಏನಾಯಿತು, ಇನ್ನೊಬ್ಬ ಹಾಕುತ್ತಾನೆ, ಟೈ ಕಟ್ಟಿದ ಯಾವನೋ ಒಬ್ಬ ಸಂಜೆಯೊಳಗೆ ಬಂದು ಹಾಕುತ್ತಾನೆ, ಹೋಗುವುದೊಂದೇ ಸಾಲದು, ಹಾಕಲಾಗದ ಹಾಗೆ ಮಾಡಿ ಹೋಗಬೇಕು. ಅನ್ಸಾರ್, ಸುತ್ತಿಗೆ ಕೊಡು. ಕೊಡ್ಬೇಡಿ ಕಾಕ, ಕೊಟ್ರೆ ನಿಮ್ಮ ಕೆಲಸ ಹೋಗ್ತದೆ. ಅನ್ಸಾರ್ ಕೊಡಲಿಲ್ಲ. ಚೀಲ ಬಿಚ್ಚಿ ದೊಡ್ಡ ಸುತ್ತಿಗೆಯನ್ನು ಅವಳ ಚಪ್ಪಲಿಯ ಹತ್ತಿರ ನೆಲಕ್ಕಿಟ್ಟ, ಕೆಳಗೆ ವಾಲ್ವ್ ಸೋರ್ತಾ ಉಂಟು, ನೋಡಿ ಬರ್ತೇನೆ, ಬನ್ನಿ ಸರ್ ನೀವೂ, ಇಲ್ಲಿ ನೀವು ಇರುದು ಬೇಡ. ಹರ್ಷಿತ್ ಅಲುಗಲಿಲ್ಲ, ಗೋಡೆಗೆ ಅಂಟಿಕೊಂಡು ನಿಂತ. ಸುತ್ತಿಗೆ ಭಾರ, ಮಣಿಕಟ್ಟಿನಲ್ಲಿ ಹಳೆಯ ನೋವು, ಮೊದಲ ಏಟು ಜಾರಿ ಟೈಲ್ಸಿಗೆ ತಾಗಿತು, ಮೊಣಕೈವರೆಗೆ ಜುಮ್ಮೆಂದಿತು, ಎರಡನೆಯದಕ್ಕೆ ಬಿಳಿ ಮೈಯಲ್ಲಿ ಕೂದಲಿನಷ್ಟು ಬಿರುಕು, ಮತ್ತೊಂದಕ್ಕೆ ತಳ ಒಳಗೆ ಕುಸಿಯಿತು, ಬಿಳಿಯ ನಡುವೆ ಕಪ್ಪು ತೂತು. ಮೇಡಂ, ಇದು ಹೊಸತು, ಹರ್ಷಿತ್ ಕೂಗುತ್ತಿದ್ದಾನೆ, ಹೊಸತೇ ಎಂದಳು, ಅದಕ್ಕೇ ಒಡೆಯುವುದು, ಹಳತಾದ ಮೇಲೆ ಯಾರು ಒಡೆಯುತ್ತಾರೆ, ಮುಂದಿನ ಬಾಗಿಲು, ಮುಂದಿನ ಬಿಳಿ, ಮತ್ತೆ ತೂತು, ಬೆವರು ಕಣ್ಣಿಗಿಳಿದು ಉರಿ, ಕೆಳಗೆ ಕಾರು ನಿಂತ ಸದ್ದು, ಮೆಟ್ಟಿಲಲ್ಲಿ ಬೂಟು, ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿದೆ, ಬಡಿದುಕೊಳ್ಳಲಿ, ಇನ್ನೊಂದು, ಮತ್ತೆ ತೂತು, ಇದು ಯಾರು ಮಾಡಿದ್ದು ಎಂದು ಅರಬ್ಬಿಯಲ್ಲಿ ಯಾರೋ ಕೇಳುತ್ತಿದ್ದಾರೆ, ನಾನು, ನಾನೇ, ನೂಲಾ, ಆರ್ಕಿಟೆಕ್ಟ್, ತೋಳು ಮೇಲೆದ್ದದ್ದು ಅಲ್ಲೇ ನಿಂತಿತು, ಇನ್‌ಸ್ಪೆಕ್ಟರನ ಮುಖ ಕಾಣುತ್ತಿಲ್ಲ, ಟಿಕೆಟ್ಟು ಕಾಣುತ್ತಿಲ್ಲ, ಊರು ಕಾಣುತ್ತಿಲ್ಲ, ಕಾಣುವುದು ಅದೊಂದೇ — ಬಿಳಿಯ ನಡುವೆ ಕಪ್ಪು ತೂತು, ಅಂಚು ಹರಿತ, ಒಳಗೆ ಕತ್ತಲೆ, ಯಾರೂ ಕೂರಲಾರರು, ಆ ತೂತು, ಆ ತೂತು.