ಇಬ್ಬರು ಒಟ್ಟಿಗೆ ಕೇಳಿದರೆ

ಸಂತೆಕಲ್ಲೂರಿನ ದ್ಯಾವಪ್ಪ ಎಂಬ ರೈತ ಲಿಂಗಸುಗೂರಿನ ನಮ್ಮ ಬೀಜದ ಅಂಗಡಿಯಿಂದ ಬರಿಗೈಲಿ ಹೋದದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅದು ೧೯೯೯. ಸಿಂಧನೂರಿನ ಮುಖ್ಯ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೆ. ಒಂದು ಕಂಪ್ಯೂಟರ್, ಒಂದು ಕುರ್ಚಿ. ಮಾಲೀಕ ಶಿವಶರಣಪ್ಪನವರಿಗೆ ಆ ವರ್ಷ ವೆಬ್ ಪುಟ ಬೇಕಾಯಿತು. ಲಿಂಗಸುಗೂರು, ಮಸ್ಕಿ ಅಂಗಡಿಯವರು ಅಲ್ಲಿಂದಲೇ ಬೀಜದ ಹೆಸರು ಒತ್ತಿದರೆ, ಫೋನ್ ಲೈನಿನ ಮೂಲಕ ಗೋದಾಮಿನಲ್ಲಿ ಇದೆಯೋ ಇಲ್ಲವೋ ಎಂದು ಉತ್ತರ ಬರಬೇಕು.

"ಶುಕ್ರವಾರ ನಡೀಲಿಲ್ಲಂದ್ರ ಮೈಲಾರಲಿಂಗಪ್ಪಗ ಕೊಡ್ತೀನಿ. ನೀವು ಟೈಪಿಂಗ್ ನೋಡ್ಕೊಳ್ರಿ," ಎಂದರು.

ಮೈಲಾರಲಿಂಗಪ್ಪ ಬಸ್‌ ನಿಲ್ದಾಣದ ಎದುರು ಕಂಪ್ಯೂಟರ್ ಕಲಿಸುವ ಮಾಸ್ತರ.

ಬೇಳೆ ಬೇಯುವಾಗ, ಮಗಳಿಗೆ ಜಡೆ ಹಾಕುವಾಗ ಪುಸ್ತಕ ತೆರೆದಿಟ್ಟುಕೊಂಡು ಕಲಿತೆ. ವೆಬ್ ಪುಟ ಬರೆಯುವ ಹೊಸ ಭಾಷೆ ಕಷ್ಟವಾಗಲಿಲ್ಲ. ಆದರೆ ಈ ಪುಟಗಳಿಗೆ ನೆನಪಿಲ್ಲ. ಒಂದರಲ್ಲಿ ಕೇಳಿದ್ದು ಮುಂದಿನದಕ್ಕೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಹಳೆಯ ರೂಢಿಯಂತೆ, ಕೇಳಿದ ಬೀಜದ ಹೆಸರನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಮುಂದಿನ ಪುಟದಲ್ಲಿ ಓದಿಸಿದೆ. ನೂರು ಸಲ ಪರೀಕ್ಷೆ ಮಾಡಿದೆ. ಒಬ್ಬಳೇ.

ಶುಕ್ರವಾರ ಲಿಂಗಸುಗೂರಿನ ಅಂಗಡಿ ನೋಡಿಕೊಳ್ಳುವ ಯೂನುಸನ ಫೋನ್ ಬಂತು.

"ಗಿರಿಯಮ್ಮಾರ, ಬಿಳಿಜ್ವಾಳ ಕೇಳಿದ್ರ ಮುಗದೈತಿ ಅಂತು ನಿಮ್ಮ ಪುಟ. ದ್ಯಾವಪ್ಪ ಎದ್ದು ಹೋದ. ಗೋದಾಮಿಗೆ ಫೋನ್ ಹಚ್ಚಿದ್ರ ನಲವತ್ತು ಚೀಲ ಅದಾವ ಅಂತಾರ. ಯಾರನ್ನ ನಂಬ್ಲಿ?"

ಶಿವಶರಣಪ್ಪನವರು ಮೈಲಾರಲಿಂಗಪ್ಪನನ್ನು ಕರೆಸಿದರು. ಟೈಪ್ ಮಾಡಬೇಕಾದ ಪತ್ರಗಳ ಕಟ್ಟನ್ನು ನನ್ನ ಮುಂದೆ ಇಟ್ಟರು.

"ಫೋನ್ ಲೈನ್ ಸರಿಯಿಲ್ರಿ ಸಾವ್ಕಾರ್ರ," ಎಂದ ಅವನು, ಪರದೆಯನ್ನು ಅರೆಗಳಿಗೆ ನೋಡಿ. "ಅಕ್ಕಾರು ಈ ವಯಸ್ಸಿನ್ಯಾಗ ಇಷ್ಟು ಕಲ್ತದ್ದ ದೊಡ್ಡದು ಬಿಡ್ರಿ." ಆಗಲೇ ನನ್ನ ಕುರ್ಚಿಯ ಮೇಲೆ ಕೈ ಇಟ್ಟಿದ್ದ.

ಮೈ ಉರಿಯಿತು. ಯೂನುಸನಿಗೆ ಫೋನ್ ಮಾಡಿ, ಪುಟದಲ್ಲಿ ಎಷ್ಟು ಗಂಟೆಗೆ ಕೇಳಿದ್ದನೆಂದು ವಿಚಾರಿಸಿದೆ. ಹತ್ತು ಇಪ್ಪತ್ತು. ಮಸ್ಕಿ ಅಂಗಡಿಯ ಖಾತೂನ್‌ಬೀಗೆ ಫೋನ್ ಮಾಡಿದೆ.

"ನಾನೂ ಆವಾಗ್ಲೇ ತೊಗರಿ ಕೇಳಿದ್ನೆವ್ವ. ಇಲ್ಲ ಅಂತು."

ತೊಗರಿ ನಿಜಕ್ಕೂ ಮುಗಿದಿತ್ತು. ಫೈಲಿನಲ್ಲಿ ಯೂನುಸನ ಜೋಳದ ಮೇಲೆ ಖಾತೂನ್‌ಬೀಯ ತೊಗರಿ ಕೂತಿತ್ತು; ಅವನ ಪುಟ ಓದಿದ್ದು ಅದನ್ನೇ. ಇಬ್ಬರಿಗೂ ನಾನು ಇಟ್ಟಿದ್ದು ಒಂದೇ ಫೈಲು. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತವಳಿಗೆ, ಇಬ್ಬರು ಒಟ್ಟಿಗೆ ಕೇಳಬಹುದೆಂದು ಹೊಳೆದೇ ಇರಲಿಲ್ಲ. ಸಿಟ್ಟು ನನ್ನ ಮೇಲೆಯೇ ತಿರುಗಿತು.

"ಲೈನ್ ನೆಟ್ಟಗೈತ್ರಿ. ತಪ್ಪು ನಂದು," ಎಂದೆ.

"ಹಂಗಾದ್ರ ಏಳ್ರಿ, ಅವ ಬರೀಲಿ," ಎಂದರು ಶಿವಶರಣಪ್ಪನವರು.

"ಏಳಂಗಿಲ್ರಿ. ತಪ್ಪು ಎಲ್ಲೈತಿ ಅಂತ ನನಗ ಗೊತ್ತೈತಿ, ಅವಗ ಗೊತ್ತಿಲ್ಲ. ಲೈನ್ ಅನ್ನಾವನ ಕೈಯಾಗ ಕೊಟ್ರ ನಾಳಿ ಇನ್ನೊಬ್ಬ ರೈತ ಎದ್ದು ಹೋಗ್ತಾನ."

ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಮೈಲಾರಲಿಂಗಪ್ಪನಿಗೆ ಪಕ್ಕದ ಸ್ಟೂಲು ತೋರಿಸಿದರು.

ಕೇಳಿದವರಿಗೆಲ್ಲ ಒಂದೊಂದು ಬೇರೆ ನಂಬರು ಕೊಟ್ಟೆ. ಆ ನಂಬರು ಪುಟದೊಳಗೆ ಅಡಗಿ ಅವರ ಜೊತೆಯೇ ಹೋಗುವಂತೆ, ನಂಬರಿಗೊಂದು ಫೈಲು ಇರುವಂತೆ ಬರೆದೆ. ಊಟಕ್ಕೆ ಏಳಲಿಲ್ಲ. ಯೂನುಸನಿಗೂ ಖಾತೂನ್‌ಬೀಗೂ ಫೋನ್ ಮಾಡಿ, ಸರಿಯಾಗಿ ಎರಡು ಗಂಟೆಗೆ ಇಬ್ಬರೂ ಒಟ್ಟಿಗೆ ಒತ್ತಬೇಕೆಂದು ಹೇಳಿದೆ.

ಎರಡೂ ಐದಕ್ಕೆ ಫೋನಿನಲ್ಲಿ ಯೂನುಸ, "ಜ್ವಾಳ ಐತಿ ಅಂತು," ಎಂದ. ಖಾತೂನ್‌ಬೀ, "ತೊಗರಿ ಇಲ್ಲ ಅಂತು," ಎಂದಳು.

ಮೈಲಾರಲಿಂಗಪ್ಪ ಬಗ್ಗಿ ನೋಡಿದ. "ಹೆಂಗ ಮಾಡಿದ್ರಿ ಅಕ್ಕಾರ?"

"ಫೋನ್ ಲೈನ್ ರಿಪೇರಿ ಮಾಡಿದ್ನೋ ತಮ್ಮಾ."

ಯೂನುಸನಿಗೆ ದ್ಯಾವಪ್ಪನ ಪಾಲಿನ ಚೀಲ ಗೋದಾಮಿನಿಂದ ತರಿಸಿಟ್ಟು, ಸಂತೆಕಲ್ಲೂರಿನ ಆಟೋದವರ ಕೈಯಲ್ಲಿ ಹೇಳಿ ಕಳುಹಿಸಲು ತಿಳಿಸಿದೆ. ಆಮೇಲೆ ಪತ್ರಗಳ ಕಟ್ಟನ್ನು ಎತ್ತಿ ಶಿವಶರಣಪ್ಪನವರ ಮೇಜಿನ ಮೇಲೆ ಇಟ್ಟು, ನನ್ನ ಕುರ್ಚಿಗೆ ವಾಪಸು ಬಂದೆ. ಅವರು ಅದನ್ನು ಮತ್ತೆ ಕೊಡಲಿಲ್ಲ.