ಅರ ಹಾಕಿದ ಮೊನೆ

ನಾನು ಒಂದು ಹೆಣಿಗೆ ಕಡ್ಡಿ. ‘ಒಂದು’ ಎನ್ನಲಿಕ್ಕೇ ನಾಚಿಕೆ, ಏಕೆಂದರೆ ನಮ್ಮ ಕುಲದಲ್ಲಿ ಯಾರೂ ಒಂದಾಗಿ ಹುಟ್ಟುವುದಿಲ್ಲ. ನನ್ನನ್ನೂ ನನ್ನ ಜೋಡಿಯನ್ನೂ ಒಂದೇ ಉಕ್ಕಿನ ತಂತಿಯಿಂದ ಕತ್ತರಿಸಿ, ಮೊನೆ ಮಾಡಿ, ಒಂದೇ ನೀಲಿ ಕಾಗದದಲ್ಲಿ ಸುತ್ತಿದರು. ಗದಗಿನ ಅಂಗಡಿಯಿಂದ ನಮ್ಮನ್ನು ತಂದವರು ಇಂದುಮತಿ, ಸುಲೋಚನಾ ಎಂಬ ಅಕ್ಕತಂಗಿಯರು. ಒಬ್ಬಳು ಹೆಣೆದರೆ ಇನ್ನೊಬ್ಬಳು ಉಲ್ಲನ್ನಿನ ಉಂಡೆ ಹಿಡಿಯುತ್ತಿದ್ದಳು. ಅವರ ಬಾಯಿಗೂ ಬಿಡುವಿರಲಿಲ್ಲ, ನಮಗೂ ಇರಲಿಲ್ಲ.

ತಂಗಿ ಅಕ್ಕನ ಮಾತು ಮೀರಿ ಲಗ್ನಕ್ಕೆ ನಿಂತಾಗ ಮನೆ ಎರಡಾಯಿತು. ಸಿಟ್ಟಿನಲ್ಲಿ ಇದ್ದದ್ದೆಲ್ಲ ಸರಿಪಾಲು. ತಟ್ಟೆ ಎರಡೆರಡು, ಕುರ್ಚಿ ಒಂದೊಂದು.

“ಕಡ್ಡಿ?” ಎಂದಳು ಸುಲೋಚನಾ.

“ಅವೂ ಒಂದೊಂದು,” ಎಂದಳು ಇಂದಕ್ಕ.

ಒಂದೇ ಕಡ್ಡಿಯಿಂದ ಹೆಣೆಯಲು ಬಾರದೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹಟ ಬಿಡಲಿಲ್ಲ. ನನ್ನ ಜೋಡಿ ನೀಲಿ ಕಾಗದದ ಸಮೇತ ಧಾರವಾಡಕ್ಕೆ ಹೋಯಿತು. ನಾನು ಸೂಜಿದಾರದ ಡಬ್ಬಿ ಸೇರಿದೆ.

ಎಂಟು ವರ್ಷದ ಮೇಲೆ ಇಂದಕ್ಕನಿಗೆ ತನ್ನ ಕುರ್ಚಿಗೂ ನೆರೆಯವರ ಕುರ್ಚಿಗಳಿಗೂ ಗಾದಿ ಹೊಲಿಯುವ ಹುಚ್ಚು ಹಿಡಿಯಿತು. ಮೂಲೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು, ಮಷಿನ್ನಿನ ಪಾದ ಎತ್ತಿ, ಬಟ್ಟೆ ತಿರುಗಿಸುವುದನ್ನು ತಾನೇ ಕಲಿತಳು. ಹೊಲಿದ ಕವರನ್ನು ಮಗುಚಿದ ಮೇಲೆ ಒಳಗಿನಿಂದ ಮೂಲೆಗಳನ್ನು ಹೊರತಳ್ಳಬೇಕು. ಬೆರಳು ಸಾಲದಾದಾಗ ನನ್ನ ನೆನಪಾಯಿತು. ಮೊದಲ ಮೂಲೆಯನ್ನೇ ನಾನು ಹರಿದೆ. ಅವಳು ಹರಿದ ಮೂಲೆಯಿಂದ ನನ್ನನ್ನು ಹೊರಗೆಳೆದಳು.

“ಇನ್ನ ಯಾರು ಹೆಣೀಲಿಕ್ಕೆ ಬರ್ತಾರ?” ಎಂದು ಅರ ತಂದು ನನ್ನ ಮೊನೆಯನ್ನು ತಿಕ್ಕಿ ತಿಕ್ಕಿ ಮೊಂಡು ಮಾಡಿದಳು. ಜೋಡಿಯ ಆಸೆಯನ್ನು ನಾನು ಬಿಟ್ಟದ್ದು ಅಂದು.

ಆಮೇಲೆ ಮೂಲೆಗಳೇ ನನ್ನ ಬಾಳಾದವು. ಮೂಲೆ ನೆಟ್ಟಗಾದರೆ ಅಂಚಿನ ಮೇಲುಹೊಲಿಗೆ ಗೆರೆ ಎಳೆದಂತೆ ಬೀಳುತ್ತಿತ್ತು. “ಛಲೋ ಬಂತು ನೋಡು,” ಎಂದು ನನಗೇ ಹೇಳುತ್ತಿದ್ದಳು. ಹೇಳಲು ಮನೆಯಲ್ಲಿ ಬೇರೆ ಯಾರಿದ್ದರು?

ಹೋದ ತಿಂಗಳು, ಹದಿನೆಂಟು ವರ್ಷದ ಮೇಲೆ, ಸುಲೋಚನಾ ಬಂದಳು. ತಲೆ ಬೆಳ್ಳಗಾಗಿತ್ತು. ಗಾದಿಯ ಮೂಲೆ ಸವರುತ್ತ ಕೂತು, ಚೀಲದಿಂದ ಅದೇ ನೀಲಿ ಕಾಗದ ತೆಗೆದಳು. ಒಳಗೆ ನನ್ನ ಜೋಡಿ, ಹುಟ್ಟಿದ ದಿನದ ಮೊನೆಯೊಡನೆ. ಯಾವ ಕೆಲಸಕ್ಕೂ ಅವಳು ಅದನ್ನು ಮುಟ್ಟಿರಲಿಲ್ಲ.

“ನಿಂದು ತಗೊಂಡು ಬಾ ಅಕ್ಕಾ. ಇಬ್ಬರೂ ಕೂತು ಹೆಣಿಯೋಣು.”

ಇಂದಕ್ಕ ತಡೆದು ತಡೆದು ನನ್ನನ್ನು ತಂದಳು. ತಂಗಿ ನನ್ನ ತುದಿಗೆ ಬೆರಳಾಡಿಸಿದಳು.

“ಅರಾ ಹಾಕಿದ್ಯಾ?”

“ಗಾದಿ ಅರಿವಿ ಹರೀತಿತ್ತು…”

ಸುಲೋಚನಾ ಅರ್ಧ ಕುಡಿದ ಚಹಾವನ್ನೂ ನನ್ನ ಜೋಡಿಯನ್ನೂ ಮೇಜಿನ ಮೇಲೆ ಬಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದಳು.

ಈಗ ಮೂಲೆ ತಳ್ಳಲು ಸೌಟಿನ ಹಿಡಿಕೆ ಬಂದಿದೆ. ಇಂದಕ್ಕ ದಿನಾ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು, ಅದೇ ಅರದಿಂದ ನನಗೆ ಮತ್ತೆ ಮೊನೆ ಮಾಡುತ್ತಾಳೆ. ಮೈ ಉರಿಯುತ್ತದೆ. ಬೆರಳಗಲ ಗಿಡ್ಡಾಗಿದ್ದೇನೆ. ಆದರೆ ಹೆಣೆಯಲು ಎರಡು ಕಡ್ಡಿಗಳ ಉದ್ದ ಸಮ ಇರಬೇಕೆಂದೇನಿಲ್ಲ, ಮೊನೆ ಇದ್ದರೆ ಸಾಕು. ನಿನ್ನೆ ನನ್ನನ್ನು ಹೆಬ್ಬೆರಳಿಗೆ ಒತ್ತಿ ನೋಡಿಕೊಂಡಳು. ಚುಚ್ಚಲಿಲ್ಲ. ಮತ್ತೆ ಅರ ಎತ್ತಿಕೊಂಡಳು.